ಸುಣ್ಣಕಲ್ಲಿನ ತೊರೆ, ಅದ್ರಾಮಾಕನ ಪಂಪು

ಶುಕ್ರವಾರ ಬೆಳಿಗ್ಗೆ ಮಸ್ಕತ್ತಿನ ಅಲ್ ಹೈಲ್‌ನ ಮನೆಯಿಂದ ಹೊರಡುವ ಮೊದಲೇ ನನಗೂ ಭಾವನಿಗೂ ಜಗಳ ಶುರುವಾಗಿತ್ತು. ಪಿಕಪ್ಪಿನ ಹಿಂದೆ ನೀರಿನ ಕ್ಯಾನಿನ ಪಕ್ಕ ಗೋಣಿಯಲ್ಲಿ ಸುತ್ತಿಟ್ಟ ಬೀಸುಬಲೆಯೇ ಅದಕ್ಕೆ ಕಾರಣ. ಭಾವ ಅದನ್ನು ಮಲ್ಪೆಯಿಂದ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಯ ಬದಲು ತುಂಬಿಕೊಂಡು ಬಂದದ್ದು.

"ಮರುಭೂಮಿಗೆ ಬಲೆ ಯಾಕೆ ಭಾವ?" ಅಂದೆ.

"ರುಸ್ತಾಕಿನ ಮೇಲೆ ಬೆಟ್ಟದೊಳಗೆ ತೊರೆ ಉಂಟಂತೆ. ಮೀನೂ ಉಂಟಂತೆ. ಅದ್ರಾಮಾಕ ಹೇಳಿದ್ದು."

"ಅದ್ರಾಮಾಕ ಹೇಳಿದರೆ ಆಯ್ತಾ? ಅವರು ನೋಡಿದ್ದಾರಾ, ಹಿಡಿದಿದ್ದಾರಾ, ತಿಂದಿದ್ದಾರಾ?"

"ಮಾರಾಯ್ತಿ, ಇದು ನಿನ್ನ ಕಾಲೇಜಿನ ಚರ್ಚಾಸ್ಪರ್ಧೆ ಅಲ್ಲ. ಹತ್ತು," ಎಂದು ಅಕ್ಕ ನನ್ನನ್ನು ಒಳಗೆ ತಳ್ಳಿದಳು.

ನಾನು ಒಮಾನಿಗೆ ಬಂದು ಎಂಟು ತಿಂಗಳಾಗಿತ್ತು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಲ್ ಖೌದ್‌ನಲ್ಲಿ ಹೊಸ ವಿಶ್ವವಿದ್ಯಾಲಯದ ಸುತ್ತ ಅಂಗಡಿ, ಫ್ಲಾಟುಗಳು ಏಳುತ್ತಿದ್ದವು. ಅಲ್ಲೊಂದು ಕಂಟ್ರಾಕ್ಟರ್ ಆಫೀಸಿನಲ್ಲಿ ನಾನು ಟೈಪಿಸ್ಟ್. ವಾರವಿಡೀ ಎಸಿಯೊಳಗೆ ಕುಳಿತು ಕುಳಿತು ಕಾಲು ಚಡಪಡಿಸುತ್ತಿತ್ತು. ರಜೆ ಬಂದರೆ ಎಲ್ಲಿಗಾದರೂ ಸರಿ, ಹೋಗಬೇಕು; ಹೋದ ಮೇಲೆ ಅಲ್ಲಿಂದಲೂ ಹೊರಡಬೇಕು ಅನಿಸುತ್ತಿತ್ತು.

ಬರ್ಕಾದ ತನಕ ಹೆದ್ದಾರಿ ನೇರ. ಬಲಗಡೆ ಖರ್ಜೂರದ ತೋಟಗಳ ಆಚೆ ಸಮುದ್ರ, ಎಡಗಡೆ ಬೋಳು ಬಯಲು, ಅದರ ಕೊನೆಯಲ್ಲಿ ಬೆಟ್ಟದ ಗರಗಸ. ಮುಂದೆ ಎಡಕ್ಕೆ ತಿರುಗಿ ಒಳನಾಡಿನ ರಸ್ತೆ ಹಿಡಿದೆವು. ಅಕ್ಕ ಕಟ್ಟಿಕೊಂಡು ಬಂದ ಅಕ್ಕಿತರಿಯ ಪುಂಡಿಯನ್ನು ಪೆಟ್ರೋಲ್ ಬಂಕಿನ ನೆರಳಲ್ಲಿ ನಿಂತು ತಿಂದೆವು. ಮೇ ತಿಂಗಳು. ಎಂಟು ಗಂಟೆಗೇ ಪಿಕಪ್ಪಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು.

ರುಸ್ತಾಕಿನಲ್ಲಿ ಕೋಟೆಯ ಕೆಳಗಿನ ಮಾರುಕಟ್ಟೆಯಲ್ಲಿ ಅದ್ರಾಮಾಕನ ಅಂಗಡಿ. ಪೈಪು, ವಾಷರು, ಡೀಸೆಲ್ ಪಂಪು, ಪಂಪಿನ ರಿಪೇರಿ. ಮನುಷ್ಯ ಉಳ್ಳಾಲದ ಕಡೆಯವರು. ಹದಿನೈದು ವರ್ಷದಿಂದ ಇಲ್ಲೇ ಇದ್ದು, ಅರಬಿಯನ್ನೂ ಬ್ಯಾರಿ ಭಾಷೆಯ ರಾಗದಲ್ಲೇ ಮಾತಾಡುತ್ತಾರೆ. ಶುಕ್ರವಾರವಾದ್ದರಿಂದ ಅಂಗಡಿಗೆ ಬೀಗ ಹಾಕಿ, ಪಾನಾದ ಪೆಟ್ಟಿಗೆ ಹಿಡಿದು ನಮ್ಮ ಪಿಕಪ್ಪಿನ ಹಿಂದೆ ಹತ್ತಿ ಕುಳಿತರು.

"ರಜೆ ದಿನವೂ ಪಾನಾ ಯಾಕೆ ಅದ್ರಾಮಾಕ?"

"ನನ್ನ ಕಫೀಲಿನ ತೋಟ ಅಲ್ಲೇ ಮೇಲೆ ಉಂಟು ತಂಗಿ. ಅವರ ಪಂಪಿಗೆ ಎಣ್ಣೆ ನೋಡಬೇಕು." ಕಫೀಲ್ ಎಂದರೆ ಇಲ್ಲಿ ನಮ್ಮ ವೀಸಾದ ಯಜಮಾನ. ಅಂಗಡಿಯ ಲೈಸೆನ್ಸ್ ಅವನ ಹೆಸರಲ್ಲಿ, ನಮ್ಮ ಇರುವಿಕೆ ಅವನ ಸಹಿಯಲ್ಲಿ.

ಡಾಂಬರು ಮುಗಿದ ಮೇಲೆ ಅರ್ಧ ಗಂಟೆ ಕಲ್ಲಿನ ದಾರಿ. ಎರಡೂ ಕಡೆ ಸುಣ್ಣಕಲ್ಲಿನ ಗೋಡೆಗಳು, ಒಂದು ಹುಲ್ಲುಕಡ್ಡಿಯೂ ಇಲ್ಲ. ಇಲ್ಲಿ ನೀರಿರಲು ಸಾಧ್ಯವೇ ಇಲ್ಲ ಎಂದು ಅಕ್ಕನಿಗೆ ನಾಲ್ಕು ಕಾರಣ ಕೊಟ್ಟೆ. ಐದನೆಯದನ್ನು ಹೇಳುವಷ್ಟರಲ್ಲಿ ಪಿಕಪ್ ನಿಂತಿತು. ಎದುರಿಗೆ ನೀರು.

ಊರಿನ ಹೊಳೆಯನ್ನು ನೋಡಿದ ಕಣ್ಣಿಗೆ ಇದು ನೀರು ಎಂದು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. ಬಣ್ಣವೇ ಇಲ್ಲ. ಬಂಡೆಯ ಬುಡದಿಂದ ಸದ್ದಿಲ್ಲದೆ ಬಂದು ಹೊಂಡವೊಂದರಲ್ಲಿ ನಿಂತು, ಅಲ್ಲಿಂದ ಮೊಣಕಾಲು ಆಳದ ಕಟ್ಟೆಕಾಲುವೆಯಲ್ಲಿ ಊರಿಗೆ ಇಳಿಯುತ್ತಿತ್ತು. ಇಂಥ ಕಾಲುವೆಗೆ ಫಲಜ್ ಅನ್ನುತ್ತಾರೆ. ತಳದ ಪ್ರತಿಯೊಂದು ಕಲ್ಲೂ ಕಾಣುತ್ತಿತ್ತು. ಕಲ್ಲುಗಳ ಮೇಲೆ ಬೆರಳುದ್ದದ ಮೀನುಗಳು ನೂರಾರು. ಕಾಲು ಇಳಿಬಿಟ್ಟರೆ ಬಂದು ಹಿಮ್ಮಡಿ ಕುಟುಕುತ್ತಿದ್ದವು.

"ಬೆರಳಿನಷ್ಟು ಮೀನಿಗೆ ಇಷ್ಟು ದೂರ ಬಂದದ್ದಾ?" ಎಂದು ಅಕ್ಕ ನಕ್ಕಳು. ಭಾವನಿಗೆ ಅದು ಕೇಳಿಸಲಿಲ್ಲ. ಸಿಹಿನೀರಿನ ಮೀನು ನೋಡಿ ಅವರಿಗೆ ಎಷ್ಟು ವರ್ಷವಾಗಿತ್ತೋ. ಲುಂಗಿ ಎತ್ತಿ ಕಟ್ಟಿ, ಬಲೆಯ ಒಂದು ತುದಿ ಹಲ್ಲಲ್ಲಿ ಕಚ್ಚಿ, ಸೊಂಟ ತಿರುಗಿಸಿ ಬೀಸಿಯೇ ಬಿಟ್ಟರು. ಬಲೆ ಹೊಂಡದ ಮೇಲೆ ದುಂಡಗೆ ಬಿಚ್ಚಿಕೊಂಡಿತು. ಸೀಸದ ಗುಂಡುಗಳು ಮುಳುಗುವ ಮೊದಲೇ ಮೇಲಿನಿಂದ ಕೂಗು ಕೇಳಿಸಿತು.

ಓಡುತ್ತಾ ಬಂದವನು ಬಿಳಿಗಡ್ಡದ ಮುದುಕ, ಹೆಸರು ಸಾಲಿಂ. ಈ ಫಲಜ್‌ನ ವಕೀಲ ಎಂದು ಅದ್ರಾಮಾಕ ಪಿಸುಗುಟ್ಟಿದರು. ಇಲ್ಲಿ ವಕೀಲ ಅಂದರೆ ಕರಿಕೋಟಿನವನಲ್ಲ, ನೀರಿನ ಉಸ್ತುವಾರಿ. ಯಾರ ತೋಟಕ್ಕೆ ಯಾವ ಹೊತ್ತು ನೀರು ಎಂದು ಕೋಲಿನ ನೆರಳು ನೋಡಿ ಬಿಡುವವನು. ಸಾಲಿಂ ಕೈ ಆಡಿಸುತ್ತಾ ಬೈದದ್ದರಲ್ಲಿ ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಬೈಗುಳವೆಲ್ಲ ಅರ್ಥವಾಯಿತು. ಭಾವ ಕೆಂಪಾಗಿ ಬಲೆ ಕೊಡವಿ ಮೀನನ್ನೆಲ್ಲ ನೀರಿಗೆ ಬಿಟ್ಟರು.

ನಾನು ಸುಮ್ಮನಿರಲಿಲ್ಲ. "ಕೇಳಿ ಅದ್ರಾಮಾಕ. ಈ ಮೀನು ತಿನ್ನಬಾರದು ಅಂತ ಧರ್ಮದಲ್ಲಿ ಉಂಟಾ? ನಮ್ಮಲ್ಲೂ ದೇವಸ್ಥಾನದ ಹೊಳೆಯಲ್ಲಿ ದೇವರ ಮೀನು ಅಂತ ಬಿಡುತ್ತಾರೆ. ಅದೇ ಕತೆಯಾ?"

ಅದ್ರಾಮಾಕ ಕೇಳಿದರು. ಮುದುಕ ನನ್ನನ್ನೇ ನೋಡಿ ಕೊಟ್ಟ ಉತ್ತರವನ್ನು ಅದ್ರಾಮಾಕ ಕನ್ನಡ ಮಾಡಿದರು. "ಧರ್ಮ ಅಲ್ಲವಂತೆ ತಂಗಿ. ಸಮುದ್ರದ್ದು ಎಷ್ಟು ಬೇಕಾದರೂ ತಿಂತಾರಂತೆ. ಇವು ಪಾಚಿ ತಿಂತವೆ, ಸೊಳ್ಳೆಮರಿ ತಿಂತವೆ. ಮೇಲೆ ಕುಡಿಯುವ ನೀರು, ಅದರ ಕೆಳಗೆ ಮಸೀದಿಗೆ, ಅದರ ಕೆಳಗೆ ಸ್ನಾನಕ್ಕೆ, ಕೊನೆಗೆ ತೋಟಕ್ಕೆ. ಕುಡಿಯುವ ಹೊಂಡದಲ್ಲಿ ಬಲೆ ಹಾಕಿದ್ದೀರಲ್ಲ, ನಿಮ್ಮ ಮನೆಯ ಬಾವಿಗೆ ಯಾರಾದರೂ ಚಪ್ಪಲಿ ಹಾಕಿ ಇಳಿದರೆ ನೀವು ಎಂತ ಹೇಳ್ತೀರಿ ಅಂತ ಕೇಳ್ತಾ ಇದ್ದಾರೆ."

ಇದಕ್ಕೊಂದು ಮರುವಾದ ಹುಡುಕುತ್ತಿದ್ದೆ ಅಷ್ಟೆ.

ಅಷ್ಟರಲ್ಲಿ ಸಾಲಿಂ ಬಲೆಯನ್ನು ಕೈಯಲ್ಲಿ ಹಿಡಿದು, ಅದರ ಕಣ್ಣುಗಳನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, ಭಾವನ ರಟ್ಟೆ ಹಿಡಿದು ಎಳೆದುಕೊಂಡು ಹೊರಟ. ತೊರೆಯ ಹಳೆಯ ಪಾತ್ರದಲ್ಲಿ ಇನ್ನೂರು ಹೆಜ್ಜೆ ಕೆಳಗೆ ಇನ್ನೊಂದು ಹೊಂಡ. ಹೋದ ವರ್ಷದ ತನಕ ಎರಡೂ ಕೂಡಿಯೇ ಇದ್ದವಂತೆ. ಈಗ ನಡುವೆ ಒಣಕಲ್ಲು. ಕೆಳಗಿನ ಹೊಂಡದಲ್ಲಿ ಉಳಿದದ್ದು ಒಂದು ಕೋಣೆಯಷ್ಟು ನೀರು, ಬೆಚ್ಚಗಿನ ನೀರು. ಮೀನುಗಳು ಬಾಯಿ ಮೇಲೆ ಮಾಡಿ ಉಸಿರಾಡುತ್ತಿದ್ದವು. ಊರಿನ ಗಂಡಸರು ಮೂರು ದಿನದಿಂದ ತಲೆವಸ್ತ್ರ ಬಿಚ್ಚಿ ಸೋಸಿ ಸೋಸಿ ಮೇಲಕ್ಕೆ ಒಯ್ಯುತ್ತಿದ್ದರಂತೆ.

"ಬೀಸು," ಎಂದು ಸಾಲಿಂ ಕೈಯಲ್ಲೇ ತೋರಿಸಿದ.

ಭಾವ ಬೀಸಿದರು. ಸುತ್ತ ನಿಂತವರು ಅಲ್ಲಾಹನ ಹೆಸರು ಹೇಳಿದರು. ನಮ್ಮ ನೀರಿನ ಕ್ಯಾನು, ಅಕ್ಕನ ಪುಂಡಿಯ ಪಾತ್ರೆ, ಅವರ ಬಕೆಟ್ಟು, ಎಲ್ಲದರಲ್ಲೂ ಮೀನು ಹೊತ್ತೆವು. ಭಾವನ ಮುಖ ನೋಡಬೇಕಿತ್ತು. ತಿನ್ನಲು ಹಿಡಿದಾಗಲೂ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ.

ನನಗೆ ಮಾತ್ರ ಸಮಾಧಾನವಿಲ್ಲ. "ಮೇಲಿನ ಹೊಂಡವೂ ಬತ್ತಿದರೆ ಎಲ್ಲಿಗೆ ಒಯ್ಯುತ್ತೀರಿ?" ಎಂದು ಅದ್ರಾಮಾಕನ ಬಾಯಲ್ಲಿ ಕೇಳಿಸಿದೆ. ಸಾಲಿಂ ಕಿವಿಗೆ ಕೈ ಇಟ್ಟ. ಆಗ ಕೇಳಿಸಿತು: ದಿಬ್ಬದ ಆಚೆ ಡೀಸೆಲ್ ಪಂಪು, ದಡ್ ದಡ್ ದಡ್.

ಅದ್ರಾಮಾಕ ನೆಲ ನೋಡಿದರು.

"ನಿಮ್ಮ ಕಫೀಲಿನದಾ?"

"ಹ್ಞೂಂ."

"ಹಾಕಿದ್ದು ನೀವಾ?"

"ಪಂಪ್ ಮಾರುವವ ಪಂಪ್ ಹಾಕದೆ ಮತ್ತೆಂತ ಬಾಂಗ್ ಕೊಡುವುದಾ?"

ವಿಷಯ ಬಿಚ್ಚಿಕೊಂಡಿತು. ಫಲಜ್‌ನ ಮೂಲದ ಸುತ್ತ ಇಂತಿಷ್ಟು ದೂರ ಯಾರೂ ಹೊಸದಾಗಿ ನೀರು ತೋಡಬಾರದು ಎಂಬುದು ತಲೆಮಾರುಗಳ ಕಟ್ಟಳೆ. ಕಫೀಲಿನ ಬಾವಿ ಹಳೆಯದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಹಳೆಯ ಆಳದಲ್ಲಷ್ಟೇ ಎತ್ತಬೇಕು. ಆಳ ಮಾಡಿಲ್ಲ, ಪೈಪು ಇಳಿಸಿಲ್ಲ ಎಂದು ಕಫೀಲ್ ಹೇಳುತ್ತಾನೆ. ಇಳಿಸಿದ್ದಾನೆ ಎಂದು ಊರು ಹೇಳುತ್ತದೆ. ಇವತ್ತು ನಮಾಜು ಮುಗಿಸಿ ಊರಿನ ಹಿರಿಯರು ಬಾವಿಯ ಬಳಿ ಬಂದು ಅದ್ರಾಮಾಕನನ್ನೇ ಕೇಳುವವರಿದ್ದರು.

"ಸತ್ಯ ಹೇಳಿಬಿಡಿ," ಅಂದೆ.

"ಹೇಳಬಹುದು ತಂಗಿ. ನೀನು ಇವತ್ತು ಗೆಲ್ತಿ. ನಾನು ನಾಡಿದ್ದು ಬೊಂಬಾಯಿ ವಿಮಾನದಲ್ಲಿ. ಮೂರು ಹೆಣ್ಣುಮಕ್ಕಳ ಫೀಸು ನಿನ್ನ ವಾದ ಕಟ್ಟುತ್ತದಾ?"

"ಹಾಗಾದರೆ ಸುಳ್ಳು ಹೇಳುತ್ತೀರಾ?"

"ಈ ನೀರನ್ನು ಹದಿನೈದು ವರ್ಷ ಕುಡಿದಿದ್ದೇನೆ," ಎಂದಷ್ಟೇ ಹೇಳಿ ಅವರು ನಮಾಜಿಗೆ ನಡೆದರು.

ನಮಾಜಿನ ನಂತರ ಎಲ್ಲರೂ ತೋಟಕ್ಕೆ ಹೋದೆವು. ಮೊದಲು ಖರ್ಜೂರ, ಖಹ್ವಾ ಕಾಫಿ. ಜಗಳಕ್ಕೆ ಬಂದವರಿಗೂ ಕಪ್ಪು ಮೂರು ಸಲ ತುಂಬಿತು. ಕಫೀಲ್ ದಪ್ಪಗಿನ, ನಗುಮುಖದ ಮನುಷ್ಯ. ನಮ್ಮೊಂದಿಗೆ ಹಿಂದಿ ಮಾತಾಡಿದ. ಅವನ ನಿಂಬೆಗಿಡಗಳು ಹಸಿರಾಗಿದ್ದವು, ಕೆಳಗಿನ ಊರಿನವು ಹಳದಿ. ಆದರೆ ಅವನ ಗಿಡಗಳ ಎಲೆಯಂಚೂ ಸುಟ್ಟಿರುವುದನ್ನು ನಾನು ನೋಡಿದೆ. ಬೇಡವಾಗಿದ್ದರೂ ನೋಡಿದೆ.

ಬಾವಿಗೆ ಬಗ್ಗಿದೆ. ಗೋಡೆಗುಂಟ ಇಳಿದ ಪೈಪಿನ ಮೇಲಿನ ತುಂಡಿಗೆ ತುಕ್ಕು, ಕೆಳಗಿನ ತುಂಡು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಇದಕ್ಕಿಂತ ಸಾಕ್ಷಿ ಬೇಕೆ? ಬಾಯಿ ತೆರೆದೆ. ಅದ್ರಾಮಾಕ ನನ್ನ ಕಡೆ ನೋಡಿದರು. ಬೇಡುವ ನೋಟವೂ ಅಲ್ಲ, ಗದರುವ ನೋಟವೂ ಅಲ್ಲ. ಬಾಯಿ ಮುಚ್ಚಿದೆ.

ಪೈಪು ಇಳಿಸಿದ್ದು ಹೌದಾ ಎಂದು ಸಾಲಿಂ ಕೇಳಿದ. ಎಲ್ಲರೂ ಅದ್ರಾಮಾಕನತ್ತ ತಿರುಗಿದರು. ಅವರು ತಲೆ ಓರೆ ಮಾಡಿ ಪಂಪಿನ ಸದ್ದು ಕೇಳಿಸಿಕೊಂಡರು, ಡಾಕ್ಟರು ಎದೆ ನೋಡುವ ಹಾಗೆ. "ಫುಟ್‌ವಾಲ್ವ್ ಹೋಗಿದೆ," ಎಂದರು. ಎಂಜಿನ್ ನಿಲ್ಲಿಸಿ, ಭಾವನನ್ನು ಕರೆದು, ಇಬ್ಬರೂ ಸೇರಿ ಪೈಪು ಎಳೆದು, ಅದರ ಬುಡದಲ್ಲಿ ನೀರು ಜಾರದಂತೆ ತಡೆಯುವ ಹಿತ್ತಾಳೆಯ ವಾಲ್ವನ್ನು ಪಾನಾ ಹಾಕಿ ಬಿಚ್ಚಿದರು. ಅದು ಇಲ್ಲದೆ ಪಂಪು ನೀರೆತ್ತುವುದಿಲ್ಲ. ಪೈಪಿನ ಆಳದ ಮಾತು, ಪಂಪೇ ನಿಂತ ಮೇಲೆ, ಅಲ್ಲಿಗೇ ನಿಂತಿತು.

ಕಫೀಲ್ ಸಂಶಯದಿಂದ ವಾಲ್ವನ್ನು ತಿರುಗಿಸಿ ನೋಡಿದ. ಒಳಗಿನ ಚರ್ಮದ ಮುಚ್ಚಳ ಗಟ್ಟಿಯಾಗಿತ್ತು, ಒಂದು ಬಿರುಕೂ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ನನ್ನ ಮುಂದೆ ಹಿಡಿದ. "ನೀನು ಓದಿದವಳು. ಖರಾಬ್ ಹೈ ಕ್ಯಾ?"

ಸತ್ಯ ಹೇಳಿಬಿಡಿ ಎಂದವಳು ನಾನೇ. "ಖರಾಬ್ ಹೈ," ಅಂದೆ.

ಸಾಲಿಂ ಗಡ್ಡ ನೀವಿಕೊಂಡ. ಅವನಿಗೆ ಅರ್ಥವಾಗಿತ್ತೆಂದು ನನ್ನ ಅನುಮಾನ. ಕಫೀಲಿಗೂ ಆಗಿರಬಹುದು, ಊರಿನವರ ಮುಂದೆ ಸೋಲದೆ ಪಂಪು ನಿಲ್ಲಿಸುವ ದಾರಿ ಅವನಿಗೂ ಬೇಕಾಗಿತ್ತೋ ಏನೋ. "ಖಲಾಸ್, ಮಸ್ಕತ್ತಿಗೆ ಒಯ್ದು ಸರಿಮಾಡಿಸು," ಎಂದು ಕೈ ಒರೆಸಿಕೊಂಡ.

ಇಳಿಬಿಸಿಲಲ್ಲಿ ಹೊರಟೆವು. ರುಸ್ತಾಕಿನಲ್ಲಿ ಅದ್ರಾಮಾಕ ಇಳಿದರು, ವಾಲ್ವನ್ನು ಇಳಿಸಲಿಲ್ಲ. ನನ್ನ ಕಾಲಬುಡದಲ್ಲೇ ಬಿಟ್ಟರು.

"ಇದು ಜಯವಾ ಅದ್ರಾಮಾಕ? ನಾಳೆ ಅವರು ಹೊಸದು ತಂದರೆ?"

"ಈ ಸೈಜಿನದ್ದು ಇಲ್ಲಿ ಇರುವುದು ನನ್ನ ಅಂಗಡಿಯಲ್ಲಿ ಮಾತ್ರ. ಸ್ಟಾಕ್ ಇಲ್ಲ."

"ಎಷ್ಟು ದಿನ ಸ್ಟಾಕ್ ಇಲ್ಲ?"

"ಬೆಟ್ಟದ ತೊರೆಗೆ ಒಂದು ಮಳೆ ಬರಲಿ."

"ಬರದಿದ್ದರೆ? ಅವರ ನಿಂಬೆಗಿಡ ಒಣಗಿದರೆ?"

"ನೀನು ಯಾರ ಪಾರ್ಟಿ ಮಾರಾಯ್ತಿ!" ಎಂದು ನಕ್ಕು ಬಾಗಿಲು ತಟ್ಟಿದರು. "ಯಲ್ಲಾ, ಹೊರಡಿ."

ಹಿಂತಿರುಗಿ ನೋಡಿದೆ. ಕೋಟೆಯ ಹಿಂದೆ ಬೆಟ್ಟ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಅದರೊಳಗೆ ಎಲ್ಲೋ ಒಂದು ಹೊಂಡ ತುಂಬುತ್ತಿರಬೇಕು, ಅಥವಾ ಇಲ್ಲ. ನೋಡದೆ ನಾನು ನಂಬುವವಳಲ್ಲ. ಭಾವ ಬಲೆಯ ಮಾತು, ಅಕ್ಕ ಪಾತ್ರೆಯ ಮೀನುವಾಸನೆಯ ಮಾತು ಆಡುತ್ತಿದ್ದರು. ಹಿತ್ತಾಳೆಯ ವಾಲ್ವಿನಿಂದ ಹನಿಹನಿಯಾಗಿ ಜಿನುಗಿದ ನೀರು ನನ್ನ ಪಾದದ ಕೆಳಗೆ ಹರಡಿತು.

"ಗಾಡಿಯೆಲ್ಲ ಒದ್ದೆ. ಹಿಂದಕ್ಕೆ ಬಿಸಾಡು ಅದನ್ನು," ಅಂದಳು ಅಕ್ಕ.

ಕಾಲು ಮೇಲೆ ಮಾಡಿ ಕುಳಿತೆ. ವಾಲ್ವನ್ನು ಬಿಸಾಡಲಿಲ್ಲ.