ಮೆಟ್ಟಿಲಿಳಿದು ಬಂದ ಬುತ್ತಿ

ಆ ವಾರ ಅವ್ವನ ಸ್ಟೀಲ್ ಡಬ್ಬಿಯೊಂದು ನಮ್ಮ ಅಡುಗೆಮನೆಯಲ್ಲಿ ಬೋರಲು ಕೂತಿತ್ತು. ನಾನು ಮೆಚ್ಚಿದವನನ್ನು ಮದುವೆಯಾದಾಗಿನಿಂದ ಅವ್ವ ಮಾತು ಬಿಟ್ಟಿದ್ದಳು. ಬಂಧುಗಳ ಎದುರು ನನ್ನ ಗಂಡನನ್ನು ಅವಳು ಕರೆಯುತ್ತಿದ್ದದ್ದು ‘ಆ ಹುಡುಗ’ ಎಂದೇ. ಅಂಥವಳು ಯಶವಂತಪುರಕ್ಕೆ ಬರುತ್ತಿದ್ದ ಊರಿನವರ ಕೈಯಲ್ಲಿ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಳಿಸಿದ್ದಳು. ಜೊತೆಗೆ ಒಂದು ಮಾತೂ ಇಲ್ಲ. ಸಿಟ್ಟು ಇಳಿಯಿತೋ, ಹಬ್ಬಕ್ಕೆ ಮಾಡಿ ಉಳಿದದ್ದನ್ನು ಸಾಗಹಾಕಿದಳೋ ತಿಳಿಯದೆ, ಹೋಳಿಗೆಯನ್ನು ಮಾತ್ರ ಇಬ್ಬರೂ ತಿಂದು ಮುಗಿಸಿದ್ದೆವು.

ನಾನು ಪಾಠ ಮಾಡುವುದು ಬೆಂಗಳೂರಿನ ಆರ್.ಟಿ. ನಗರದ ಶಾಲೆಯಲ್ಲಿ. ಸ್ಟಾಫ್ ರೂಮಿನ ಗೋಡೆಗೆ ಡ್ರಾಯಿಂಗ್ ಮೇಷ್ಟ್ರು ಆವತ್ತು ಒಂದು ಚಿತ್ರ ಅಂಟಿಸಿದರು. ಬರೆದವನು, ದೇವದೂತರು ತನ್ನ ಕಣ್ಣಿಗೆ ಕಾಣುತ್ತಾರೆ ಎನ್ನುತ್ತಿದ್ದ ಕಲಾವಿದನಂತೆ. ಕಥೆ ಬೈಬಲ್ಲಿನದು: ಮನೆ ಬಿಟ್ಟು ಓಡಿದವನೊಬ್ಬ ಬಯಲಲ್ಲಿ ಕಲ್ಲಿಗೆ ತಲೆಯಿಟ್ಟು ಮಲಗಿದ್ದಾನೆ. ಅವನ ಕನಸಿನಲ್ಲಿ ಆಕಾಶಕ್ಕೆ ಸುತ್ತಿಕೊಂಡು ಏರಿದ ಮೆಟ್ಟಿಲು, ಅದರ ತುಂಬ ಹತ್ತುವ ಇಳಿಯುವ ದೇವದೂತರು.

“ಹೇಳಿ ಮೇಡಂ, ನಿಮಗೇನ್ ಕಾಣ್ಸುತ್ತೆ?” ಅಂದರು ಮೇಷ್ಟ್ರು.

ನನಗೆ ಕಂಡದ್ದು ತಲೆಯ ಮೇಲೆ ಬುಟ್ಟಿ ಹೊತ್ತು ಆ ಮೆಟ್ಟಿಲಿಳಿಯುತ್ತಿದ್ದ ಹೆಂಗಸು. ವಿಜಯಪುರದವಳ ಕಣ್ಣಿಗೆ ಇನ್ನೇನು ಕಂಡೀತು? “ಬುತ್ತಿ! ಮನೆಯಿಂದ ರೊಟ್ಟಿ ಕಳ್ಸಿದಾರೆ!” ಎಂದು ಕೂಗಿಬಿಟ್ಟೆ.

ಸ್ಟಾಫ್ ರೂಮು ಗೊಳ್ಳೆಂದಿತು. ಮೇಷ್ಟ್ರು ಬಿಡಲಿಲ್ಲ. “ಮತ್ತೆ ಹತ್ಕೊಂಡ್ ಹೋಗ್ತಿರೋರು?”

“ಪಾತ್ರೆ ವಾಪಸ್ ಕೊಡೋಕೆ.”

“ಖಾಲಿ ಪಾತ್ರೆನಾ?”

ಹುರುಪು ಏರಿದರೆ ನನಗೆ ಬೆಂಗಳೂರು ಮಾತು ಕೈಕೊಡುತ್ತದೆ. “ಯಾರ ಮನ್ಯಾಗ ಖಾಲಿ ಪಾತ್ರಿ ತಿರುಗಿ ಕೊಡ್ತಾರ್ರೀ? ಚೂರು ಸಕ್ಕರಿನರೆ ಹಾಕ್ತಾರ!”

ಮೇಷ್ಟ್ರು ನಗು ನಿಲ್ಲಿಸಿ ನನ್ನನ್ನೇ ನೋಡಿದರು. “ಅಯ್ಯೋ ಮೇಡಂ, ಈ ಮಲಗಿರೋನು ಎದ್ಮೇಲೆ ದೇವರಿಗೆ ಹೇಳೋದೂ ಅದೇ. ನೀನು ಕೊಟ್ಟಿದ್ರಲ್ಲಿ ಹತ್ತರಲ್ಲೊಂದು ಪಾಲು ನಿನಗೇ ವಾಪಸ್ ಕೊಡ್ತೀನಿ ಅಂತ!”

ಕುರ್ಚಿಯಿಂದ ಜಿಗಿದು ಚಪ್ಪಾಳೆ ತಟ್ಟಿದೆ. ತಟ್ಟುತ್ತಿದ್ದ ಕೈ ಅರ್ಧಕ್ಕೇ ನಿಂತಿತು. ಅವ್ವನಿಗೆ ಹೋಳಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸಲು ಬರುತ್ತಿರಲಿಲ್ಲವೇ? ಡಬ್ಬಿ ಕಳಿಸಿದ್ದಳು. ಡಬ್ಬಿ ಎಂದಮೇಲೆ ತಿರುಗಿ ಹೋಗಲೇಬೇಕು.

ವರಾಂಡಕ್ಕೆ ಓಡಿ ಫೋನ್ ಮಾಡಿದೆ. ಖುಷಿಗೋ ಹೆದರಿಕೆಗೋ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಅವ್ವಾ, ನಿನ್ನ ಡಬ್ಬಿ ನನ್ನ ಕಡೀನ ಉಳದೈತಿ. ತಗೊಂಡು ಬರ್ಲೇನು?”

ಆ ಕಡೆ ಕುಕ್ಕರ್ ಕೂಗಿ ಸುಮ್ಮನಾಯಿತು.

“ಖಾಲಿ ತರಬ್ಯಾಡ,” ಅಂದಳು. ಆಮೇಲೆ, “ಅಳಿಯನ್ನ ಬಿಟ್ಟು ಬರಬ್ಯಾಡ.”