ಆಯಾ ಅಕ್ಕ ಹಾಕದ ರುಜು

ಹೋದ ವಾರ ಬಚ್ಚಲಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡೆ. ಸೊಸೆ ಮೆಡಿಕಲ್ ಅಂಗಡಿಯಿಂದ ಬಿಳಿ ಬ್ಯಾಂಡೇಜ್ ಬಟ್ಟೆ ತಂದು ಸುತ್ತತೊಡಗಿದಳು. ಹೊಸ ಬ್ಯಾಂಡೇಜಿಗೆ ಒಂದು ವಾಸನೆ ಇರುತ್ತದೆ, ಹತ್ತಿಯದೋ ಔಷಧಿಯದೋ ಗೊತ್ತಿಲ್ಲ. ಅದು ಮೂಗಿಗೆ ಬಡಿದದ್ದೇ ಕೈ ಎಳೆದುಕೊಂಡುಬಿಟ್ಟೆ. "ಯಾಕತ್ತೆ, ಬಿಗಿಯಾಯ್ತಾ?" ಎಂದಳು. ಇಲ್ಲ ಎಂದೆ. ನನ್ನ ಕಣ್ಣ ಮುಂದೆ ಇದ್ದದ್ದು ಆಯಾ ಅಕ್ಕನ ಎರಡು ಕೈಗಳು...

ಹಲಸೂರಿನ ವಠಾರದಲ್ಲಿ ನಮ್ಮದು ಮೂರನೇ ಮನೆ, ಅವಳದು ನಾಲ್ಕನೆಯದು. ನಡುವೆ ಒಂದೇ ಗೋಡೆ. ನಾನು ಒಗ್ಗರಣೆ ಹಾಕಿದರೆ ಅವಳು ಸೀನುತ್ತಿದ್ದಳು. ದಂಡು, ಅಂದರೆ ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು, ಅದಕ್ಕೇ ವಠಾರಕ್ಕೆಲ್ಲ ಆಯಾ ಅಕ್ಕ. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಜಗಳಕ್ಕೆ ಎರಡೂ. ಗಂಡ ಮೊದಲೇ ಹೋಗಿದ್ದ. ಜೊತೆಗಿದ್ದವನು ಒಬ್ಬನೇ ಮಗ, ಬೈಯಪ್ಪನಹಳ್ಳಿಯಲ್ಲಿ ಕೆಲಸ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಅವಳು ಸ್ಕೂಲಿನ ಮೆಟ್ಟಿಲೇ ಹತ್ತಿದವಳಲ್ಲ. ರುಜು ಹಾಕುವುದನ್ನು ಮಾತ್ರ ಇಬ್ಬರೂ ಕಲಿತಿದ್ದೆವು.

ತುಂಬಾ ಒಳ್ಳೆಯವಳು ಎಂದು ಹೇಳಿದರೆ ಸುಳ್ಳಾಗುತ್ತದೆ. ನಲ್ಲಿ ನೀರಿನ ಜಗಳದಲ್ಲಿ ನನ್ನ ಬಿಂದಿಗೆ ಒದ್ದು ಉರುಳಿಸಿದವಳು. ಆದರೆ ನಮ್ಮತ್ತೆ ಲಕ್ವ ಹೊಡೆದು ಮಲಗಿದಾಗ ಉಣಿಸುವುದನ್ನು ಹೇಳಿಕೊಟ್ಟವಳೂ ಅವಳೇ. ನೆಟ್ಟಗೆ ಕೂರಿಸು, ಅರ್ಧ ಚಮಚ ಗಂಜಿ ಕೊಡು, ನುಂಗುವ ತನಕ ಕಾಯಿ. ಬಾಯಿ ಮುಚ್ಚಿಕೊಂಡರೆ ಆ ಹೊತ್ತಿಗೆ ಅಷ್ಟೇ ಸಾಕು, ಬಲವಂತ ಬೇಡ.

ಕೆಲಸ ಬಿಟ್ಟು ಎಂಟು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಯೂನಿಫಾರ್ಮ್ ಸೀರೆ ಉಟ್ಟುಕೊಂಡು ಡ್ಯೂಟಿಗೆ ಹೊರಟಳು. ಬಸ್ ಸ್ಟಾಪಿನಿಂದ ನಾನೇ ಕರೆತಂದೆ. ತಿಳಿವಳಿಕೆ ಬಂದ ಮೇಲೆ ಅವಳೇ ಹೆದರಿದಳು. ಮಗನಿಗೆ ಹೇಳದೆ ನನ್ನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದಳು. ಮರೆವಿನ ಕಾಯಿಲೆ, ಇನ್ನೂ ಶುರು ಎಂದರು ಅವರು. ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬುದ್ಧಿ ನೆಟ್ಟಗಿರುವಾಗಲೇ ಮನೆಯವರಿಗೆ ಹೇಳಿ, ಕಾಗದದಲ್ಲಿ ಬರೆದು, ಇಬ್ಬರು ಸಾಕ್ಷಿ ಇಟ್ಟುಕೊಂಡು ನೋಟರಿಯವರ ಹತ್ತಿರ ಸೀಲು ಹಾಕಿಸಿ ಎಂದರು.

ಅವತ್ತು ಮಧ್ಯಾಹ್ನ ಹೊಸಿಲ ಮೇಲೆ ಕೂತು ಅಂದಳು: "ನನ್ನ ಮೂಗಿಗೆ ಊಟದ ಟ್ಯೂಬ್ ಹಾಕ್ಬಾರ್ದು ಕಣೇ. ಹಾಕಿದ್ರೆ ಕಿತ್ತಾಕ್ತೀನಿ. ಕಿತ್ತಾಕಿದ್ರೆ ಕೈ ಕಟ್ತಾರೆ. ಇದೇ ಕೈಯಲ್ಲಿ ಎಷ್ಟು ಜನರದ್ದು ಕಟ್ಟಿದೀನಿ ಗೊತ್ತಾ? ಒಂದು ಅಜ್ಜಿ ನನ್ನ ಅಮ್ಮಾ ಅಮ್ಮಾ ಅಂತಿತ್ತು. ಅದನ್ನೂ ಕಟ್ಟಿದೆ."

"ಬಿಡಕ್ಕ, ಈಗ್ಲೇ ಯಾಕೆ ಅದೆಲ್ಲ."

"ಪೋಡಿ, ಹೋಗೇ! ಈಗಲ್ದೆ ಇನ್ಯಾವಾಗ? ಆಮೇಲೆ ನಿನ್ನ ಮುಖಾನೇ ಮರ್ತೋಗುತ್ತೆ. ಈ ಕಾಯಿಲೇಲಿ ಅದೊಂದೇ ಲಾಭ."

ಇಬ್ಬರೂ ನಕ್ಕೆವು. ನನ್ನ ಮಗಳು ಕಾಗದ ಬರೆದುಕೊಟ್ಟಳು. ಟ್ಯೂಬ್ ಬೇಡ, ಕೈ ಕಟ್ಟಬೇಡಿ, ನೋವಿಗೆ ಔಷಧಿ ಕೊಡಿ, ಕೈಯಲ್ಲಿ ಉಣಿಸಿ, ತಿಂದಷ್ಟು ಸಾಕು. ಸಾಕ್ಷಿಗೆ ನಾನು, ನನ್ನ ಮಗಳು. ಮೊದಲು ಮಗನನ್ನು ಕೂರಿಸಿ ಹೇಳಬೇಕು ಎಂದು ಅವಳ ಆಸೆ. "ನೀನು ಪಕ್ಕದಲ್ಲಿರು. ಅವನು ಅತ್ರೆ ನಂಗೆ ಮಾತೇ ಬರಲ್ಲ" ಎಂದಳು.

ಆಗ ಅವಳ ಸೊಸೆಗೆ ಏಳು ತಿಂಗಳು. ಬಸುರಿ ಇರುವ ಮನೆಯಲ್ಲಿ ಸಾವಿನ ಮಾತು ಎತ್ತುವುದುಂಟೇ ಎಂದೆ. ಹಾಗೆಂದವಳು ನಾನೇ, ಬೇರೆ ಯಾರೂ ಅಲ್ಲ. ಸೀಮಂತ ಮುಗೀಲಿ ಎಂದೆ. ಹೆರಿಗೆಯಾಯಿತು, ಪುರುಡು ಕಳೀಲಿ ಎಂದೆ. ಹೆಸರಿಡುವುದು ಆಗಲಿ ಎಂದೆ. ಅಷ್ಟರಲ್ಲಿ ಆಷಾಢ ಬಂತು. ಮೊದಮೊದಲು ವಾರಕ್ಕೊಮ್ಮೆ ಕೇಳುತ್ತಿದ್ದವಳು ಆಮೇಲಾಮೇಲೆ ಕೇಳುವುದನ್ನೇ ಬಿಟ್ಟಳು. ನನಗೆ ಹಾಯೆನಿಸಿತು. ನಾಚಿಕೆಯಾದರೂ ಇದನ್ನು ಹೇಳಲೇಬೇಕು.

ಶ್ರಾವಣದಲ್ಲಿ ನಾನೂ ಮಗಳೂ ಅವಳನ್ನು ಆಟೋದಲ್ಲಿ ಶಿವಾಜಿನಗರದ ನೋಟರಿಯವರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಾಗದ ಓದಿ ಹೇಳಿ, "ಇದು ಏನ್ ಪೇಪರ್ ಅಮ್ಮ?" ಎಂದು ಕೇಳಿದರು.

"ರೇಷನ್ ಕಾರ್ಡು."

"ಇವರು ಯಾರು?"

ಅವಳು ನನ್ನನ್ನು ತುಂಬಾ ಹೊತ್ತು ನೋಡಿದಳು. "ಪೇಷಂಟು" ಎಂದಳು.

ನೋಟರಿ ಕಾಗದ ಮಡಿಸಿ ನನ್ನ ಕೈಗೇ ಕೊಟ್ಟರು. "ಅವರಿಗೆ ಅರ್ಥ ಆಗ್ತಿಲ್ಲಮ್ಮ, ಈಗ ರುಜು ಹಾಕ್ಸೋ ಹಂಗಿಲ್ಲ. ಮುಂಚೆನೇ ಬರ್ಬೇಕಿತ್ತು."

ಅವತ್ತಾದರೂ ಮಗನಿಗೆ ಹೇಳಬಹುದಿತ್ತು. ಅವಳು ಬಾಯಾರೆ ಹೇಳಬೇಕಾದದ್ದನ್ನು ನಾನು ಹೇಗೆ ಹೇಳಲಿ ಎಂದುಕೊಂಡು ಕಾಗದವನ್ನು ಸೀರೆಗಳ ಅಡಿಗೆ ತುರುಕಿದೆ. ಒಂದೂವರೆ ವರ್ಷದ ಮೇಲೆ ಅವಳಿಗೆ ನ್ಯುಮೋನಿಯಾ ಆಯಿತು, ನುಂಗುವುದು ನಿಂತಿತು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಬೇಕಾ ಬೇಡವಾ ಎಂದು ಮಗನನ್ನು ಕೇಳಿದರು. ಆಗ ಓಡಿದೆ, ಆ ಕಾಗದ ಹಿಡಿದುಕೊಂಡು.

ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಮ್ಮನ ರುಜುನೇ ಇಲ್ವಲ್ಲ ಚಿಕ್ಕಮ್ಮ. ನಂಗೆ ಒಂದು ಮಾತೂ ಹೇಳಿಲ್ಲ ಅವಳು. ನಿಮ್ಮ ಮಾತು ಕೇಳಿ ನಮ್ಮಮ್ಮನ್ನ ಉಪವಾಸ ಕೆಡವ್ಲಾ?"

ಕೆಟ್ಟ ಮಗನಲ್ಲ. ಕೆಟ್ಟವನಾಗಿದ್ದರೆ ಬೇಡ ಎಂದು ಸುಲಭವಾಗಿ ಹೇಳಿಬಿಡುತ್ತಿದ್ದ.

ಟ್ಯೂಬ್ ಹಾಕಿದರು. ಎರಡು ಸಲ ಕಿತ್ತುಹಾಕಿದಳು. ಮೂರನೆಯ ಸಲ ಬ್ಯಾಂಡೇಜ್ ಬಟ್ಟೆಯಲ್ಲಿ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದರು. ಮನೆಗೆ ಕರೆತಂದ ಮೇಲೂ ಹಾಗೆಯೇ. ಗೋಡೆಯಾಚೆ ಮಂಚ ಕಿರುಗುಟ್ಟುವುದು ನನಗೆ ಅಡುಗೆಮನೆಯಲ್ಲಿ ಕೇಳುತ್ತಿತ್ತು. ದಿನಾ ಮಧ್ಯಾಹ್ನ ಹೋಗಿ ಅವಳ ಸೊಸೆಗೆ ಹೇಳಿ ಒಂದು ಕೈ ಬಿಚ್ಚಿ ಹಿಡಿದುಕೊಂಡು ಕೂರುತ್ತಿದ್ದೆ. ಒಂದೊಂದು ದಿನ ಆ ಕೈ ನನ್ನಿಂದ ಬಿಡಿಸಿಕೊಂಡು ಹಾಸಿಗೆಯ ಬೆಡ್‌ಶೀಟ್ ಅಂಚನ್ನು ಒಳಗೆ ಮಡಿಸುತ್ತಿತ್ತು. ಆಸ್ಪತ್ರೆಯ ಮಡಿಕೆ, ಮೂಲೆ ಚೂಪಾಗಿ. ಎಲ್ಲ ಮರೆತಿದ್ದಳು, ಅದೊಂದು ಉಳಿದಿತ್ತು... ಎದ್ದು ಬರುವಾಗ ಮತ್ತೆ ಕಟ್ಟಿ ಬರುತ್ತಿದ್ದೆ. ಹೌದು, ನಾನೂ ಕಟ್ಟಿದ್ದೇನೆ.

ಮೂರು ತಿಂಗಳು ಹಾಗೆ ಇದ್ದು ಹೋದಳು.

ಈಗ ಆ ವಠಾರವಿಲ್ಲ. ಮಗ ಸಿ.ವಿ. ರಾಮನ್ ನಗರದಲ್ಲಿದ್ದಾನೆ. ನಿನ್ನೆ ಅವಳ ವರ್ಷದ ತಿಥಿಗೆ ಕರೆಯಲು ಬಂದಿದ್ದ. ಹೊರಡುವವನು ಬಾಗಿಲಲ್ಲೇ ನಿಂತ.

"ಚಿಕ್ಕಮ್ಮ, ಅಮ್ಮ ನಿಜವಾಗ್ಲೂ ಹಂಗೆ ಹೇಳಿದ್ಳಾ?"

"ಹೇಳಿದ್ಳು. ನಿನ್ನ ಮುಂದೇನೇ ಹೇಳ್ಬೇಕು ಅಂತಿದ್ಳು. ತಡೆದವಳು ನಾನು."

"ಏನಂದ್ಳು? ಅವಳು ಹೇಳಿದ ಹಂಗೇ ಹೇಳಿ."

ಹೇಳಿದೆ. ಒಂದು ಮಾತೂ ಬಿಡಲಿಲ್ಲ, ಒಂದು ಮಾತೂ ಸೇರಿಸಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಬೈಯುತ್ತಾನೇನೋ ಎಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು. ಗೇಟು ಹಾಕಿಕೊಂಡು ಹೋದ.

ಅವನ ಅಮ್ಮನ ಮಾತು ಅವನಿಗೆ ಈಗ ಮುಟ್ಟಿತು. ಇಟ್ಟುಕೊಂಡು ಏನು ಮಾಡುತ್ತಾನೆ...