ಸಾಹೇಬನ ತಲೆ ಹಿಡಿದ ಚಳಿಗಾಲ

ಹುಬ್ಬಳ್ಳಿಯಲ್ಲಿ ಇನ್ನೂ ಸಾಹೇಬರ ರಾಜ್ಯವಿದ್ದ ಆ ದಿನಗಳಲ್ಲಿ, ಉಣಕಲ್ಲಿನ ಕಡೆ ಎರೆಹೊಲಗಳ ಅಂಚಿಗೆ ರೈಲ್ವೆ ಸಾಹೇಬರು ಗಾಲ್ಫ್ ಆಡುವ ಮೈದಾನವೊಂದಿತ್ತು. ನಾವು ಮಕ್ಕಳು ಆ ಆಟವನ್ನು ಸಾಹೇಬರ ಚಿಣಿಫಣಿ, ಅಂದರೆ ಚಿನ್ನಿದಾಂಡು, ಎನ್ನುತ್ತಿದ್ದೆವು. ಅಪ್ಪ ಅಲ್ಲಿ ಮಾಲಿ. ಹುಲ್ಲು ನಿಲ್ಲದ ನೆಲವಾದ್ದರಿಂದ ಚೆಂಡು ಬೀಳಿಸುವ ಕುಣಿಯ ಸುತ್ತ ಉಸುಕು ಹರವಿ, ಇಂಜಿನ್ನಿನ ಹಳೇ ಎಣ್ಣೆ ಚಿಮುಕಿಸಿ ಗಟ್ಟಿ ಮಾಡುವುದು ಅವನ ಕೆಲಸ. ಮೈದಾನದ ಮೂಲೆಯ ಹಂಚಿನ ಖೋಲಿಯಲ್ಲಿ ನಮ್ಮ ಸಂಸಾರ. ಚಳಿಗಾಲದ ಮುಂಜಾನೆ ಆ ಎಣ್ಣೆಯ ವಾಸನೆಯೂ ಪಕ್ಕದ ಹೊಲದಲ್ಲಿ ಸೀತನಿಗೆಂದು ಎಳೆಜೋಳದ ತೆನೆ ಸುಡುವ ವಾಸನೆಯೂ ಒಟ್ಟಿಗೇ ಮೂಗಿಗೆ ಬರುತ್ತಿದ್ದವು. ಈಗಲೂ ಗ್ಯಾರೇಜಿನ ಮುಂದೆ ಹಾದರೆ ನನಗೆ ಸೀತನಿ ತಿನ್ನುವ ಆಸೆಯಾಗುತ್ತದೆ. ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ.

ಆ ವರ್ಷ ಕೆಂಪು ಮುಖದ ಗಿಡ್ಡ ಸಾಹೇಬನೊಬ್ಬ ವರ್ಗವಾಗಿ ಬಂದ. ತನ್ನ ಮೇಲಿನ ದೊಡ್ಡ ಸಾಹೇಬನ ಜೊತೆ ಅವನಿಗೆ ಪಂದ್ಯ ನಿಗದಿಯಾಗಿತ್ತು. ಆದರೆ ಎಷ್ಟು ಬಲ ಹಾಕಿ ಬೀಸಿದರೂ ಅವನ ಚೆಂಡು ನೆಲ ಹಿಡಿದು ಓಡಿ ಅಲ್ಲೇ ನಿಲ್ಲುತ್ತಿತ್ತು. ಅವನಿಗಿಂತ ಚೆನ್ನಾಗಿ ಆಡುತ್ತಿದ್ದವಳು ಅವನ ಹೆಂಡತಿ. ನೀನು ಕೈಯಿಂದ ಹೊಡೆಯುತ್ತೀ, ಹೊಡೆಯಬೇಕಾದ್ದು ಮೈಯಿಂದ, ತಲೆ ಕದಲದಿದ್ದರೆ ಮಾತ್ರ ಅದರ ಕೆಳಗೆ ಮೈ ತಿರುಗುತ್ತದೆ ಎಂಬುದು ಅವಳ ವಾದವಂತೆ. ಅದಕ್ಕೆ ಯಾರಾದರೂ ಅವನ ತಲೆ ಹಿಡಿದುಕೊಳ್ಳಬೇಕು. ಮಾಲಿಯ ಕೈ ತಲೆಗೆ ತಾಗಿದರೆ ಸಾಹೇಬನ ಮರ್ಯಾದೆ ಉಳಿಯುತ್ತದೆಯೇ? ಅಪ್ಪನಿಗೆ ಬುತ್ತಿ ತಂದ ನಾನು ಅವಳ ಕಣ್ಣಿಗೆ ಬಿದ್ದೆ. ಹತ್ತು ವರ್ಷದವಳಾದರೂ ಜೋಳದ ದಂಟಿನಂತೆ ಉದ್ದ ಬೆಳೆದಿದ್ದೆ.

ಚೆಂಡಿನ ಆಚೆ ಅವನಿಗೆ ಎದುರಾಗಿ ನಿಂತು, ಕೈ ಚಾಚಿ, ಬಾಗಿದ ನೆತ್ತಿಯನ್ನು ಒತ್ತಿ ಹಿಡಿಯಬೇಕು. ನನ್ನ ಕೈಯ ಕೆಳಗೆ ಕಬ್ಬಿಣದ ಮೂತಿಯ ಕೋಲು ಹಾದುಹೋಗಬೇಕು. ಮೊದಲ ದಿನ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಗಾಳಿ ಬಂದು ಮೊಣಕಾಲಿಗೆ ಬಡಿಯಿತು. ನಿಂತಲ್ಲೇ ನಾನುಟ್ಟ ಪರಕಾರ, ಆ ಉದ್ದ ಲಂಗ, ಒದ್ದೆಯಾಯಿತು.

ಕಣ್ಣು ಮುಚ್ಚಿದರೆ ಹೆದರಿಕೆ ಇನ್ನೂ ಹೆಚ್ಚೆಂದು ಗೊತ್ತಾಗಿ ಆಮೇಲೆ ತೆರೆದೇ ನಿಲ್ಲತೊಡಗಿದೆ. ನೋಡನೋಡುತ್ತ ಆ ಬೀಸು ನನಗೆ ಬಾಯಿಪಾಠವಾಯಿತು. ಮೊದಲು ಎಡಗಾಲಿನ ಹಿಮ್ಮಡಿ ನೆಲಕ್ಕೆ ಊರುತ್ತಿತ್ತು, ಆಮೇಲೆ ಸೊಂಟ ತಿರುಗುತ್ತಿತ್ತು. ಸೊಂಟ ಹೆಗಲನ್ನು ಎಳೆಯುವುದು, ಹೆಗಲು ಕೈಯನ್ನು, ಎಲ್ಲಕ್ಕೂ ಕೊನೆಗೆ ಕೋಲಿನ ತುದಿ. ಒಂದಕ್ಕಿಂತ ಒಂದು ಜೋರು. ಅವ್ವ ಕೆರೆಯ ಕಲ್ಲಿಗೆ ಒದ್ದೆ ಕೌದಿ ಎತ್ತಿ ಬಡಿಯುವಾಗಲೂ ಬಲ ನಡುವಿನಿಂದಲೇ ಬರುತ್ತಿತ್ತು. ಹಾಗೆ ಸರಿಯಾಗಿ ಬಂದಾಗ ಕೋಲು ಕಣ್ಣಿಗೇ ಕಾಣುತ್ತಿರಲಿಲ್ಲ, ಸುಂಯ್ ಎಂಬ ಸದ್ದಷ್ಟೇ. ಅವಸರಪಟ್ಟು ತೋಳಿನ ಬಲ ಹಾಕಿದಾಗ ಸೊಂಟ ಅಲ್ಲೇ ಸಿಕ್ಕಿಬಿದ್ದು, ತಲೆ ನನ್ನ ಅಂಗೈಯಡಿ ಮುಂದಕ್ಕೆ ಜಾರುತ್ತಿತ್ತು. ತಲೆ ಜಾರಿತೆಂದರೆ ಕೋಲೂ ದಾರಿ ಬಿಟ್ಟು ನನ್ನ ಕಡೆಗೇ ಬರುತ್ತಿತ್ತು.

ಪ್ರತಿ ಬೀಸಿನ ನಂತರ, ನನ್ನ ಕೈ ತಲೆಯ ಮೇಲಿರುವಾಗಲೇ, ಸಾಹೇಬ ಮುರುಕು ಕನ್ನಡದಲ್ಲಿ ತಲೆ ಅಲ್ಲಾಡಿತೇ ಎಂದು ಕೇಳುತ್ತಿದ್ದ. ಅಪ್ಪ ಮೊದಲೇ ತಾಕೀತು ಮಾಡಿದ್ದ: “ಏನರ ಆಗಲಿ, ಅಲ್ಲಾಡಲಿಲ್ಲರಿ ಅನ್ನು.” ನೌಕರಿ ಹೋದೀತು, ಖೋಲಿ ಹೋದೀತು, ಅದಕ್ಕೇ ಹೇಳುತ್ತಾನೆ ಎಂದುಕೊಂಡೆ. ಆದರೆ ನಮ್ಮ ಆಯಿ, ಅಪ್ಪನ ತಾಯಿ, ಬೇರೆಯೇ ಹೇಳಿಕೊಟ್ಟಿದ್ದಳು. ಒಬ್ಬರ ತಲೆಯ ಮೇಲೆ ಕೈಯಿಟ್ಟು ಸುಳ್ಳು ಹೇಳಿದರೆ ಆ ತಲೆ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ನಾನು ದಿನವೂ ಅಲ್ಲಾಡಲಿಲ್ಲರಿ ಎನ್ನುತ್ತಿದ್ದೆ, ದಿನವೂ ಒಬ್ಬ ಮನುಷ್ಯನನ್ನು ಸ್ವಲ್ಪ ಸ್ವಲ್ಪ ಕೊಲ್ಲುತ್ತಿದ್ದೆ. ಸಾಹೇಬ ಕೆಮ್ಮಿದ ದಿನ ನಾನು ರೊಟ್ಟಿ ಮುಟ್ಟುತ್ತಿರಲಿಲ್ಲ.

ಒಂದು ದಿನ ಅವನು ಬರಲಿಲ್ಲ. ಜ್ವರವಂತೆ ಎಂದ ಅಪ್ಪ. ನಾನು ಕೌದಿಯೊಳಗೆ ಮುಖ ಹುದುಗಿಸಿ ನಡುಗಿದೆ. ಅವ್ವ ನನಗೇ ಜ್ವರ ಬಂತೆಂದು ಕಷಾಯ ಕುಡಿಸಿದಳು. ಮುಂದೆ ಕೆಲವು ದಿನಕ್ಕೆ ಸಾಹೇಬ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಂದ. ತಲೆ ಮುಟ್ಟಿದರೆ ಇನ್ನೂ ಬಿಸಿ. ಬೀಸಿದ, ತಲೆ ಜಾರಿತು, ಕೋಲಿನ ತುದಿ ನನ್ನ ಪರಕಾರದ ಅಂಚನ್ನು ಹರಿದುಕೊಂಡು ಹೋಯಿತು. ಅವನು ಅದನ್ನು ನೋಡಲಿಲ್ಲ. ಎಂದಿನಂತೆ ಕೇಳಿದ.

“ಅಲ್ಲಾಡ್ತರಿ,” ಎಂದೆ. “ದಿನಾ ಅಲ್ಲಾಡತೈತ್ರಿ.”

ಆಕಾಶ ಕಳಚಿ ಬೀಳಲಿಲ್ಲ. ಅವನ ಹೆಂಡತಿ ಗಟ್ಟಿಯಾಗಿ ನಕ್ಕಳು. ಸಾಹೇಬ ನನ್ನನ್ನೇ ನೋಡಿ, ಖರೇ ಹೇಳುವ ಈ ಹುಡುಗಿ ಪಂದ್ಯ ಮುಗಿಯುವವರೆಗೆ ಮುಂಜಾನೆ ಸಂಜೆ ಎರಡೂ ಹೊತ್ತು ಬರಲಿ ಎಂದ. ಸಾಹೇಬ ಸಾಯುವುದಿಲ್ಲ, ಅಪ್ಪನ ನೌಕರಿ ಹೋಗುವುದಿಲ್ಲ. ನನ್ನ ಜೀವಕ್ಕೆ ಜೀವ ಬಂತು.

ಚೆಂಡು ಹೆಕ್ಕಲು ದೂರದಲ್ಲಿ ನಿಂತಿದ್ದ ಅಪ್ಪ ಅಷ್ಟರಲ್ಲಿ ಓಡಿಬಂದಿದ್ದ. ಹರಿದ ಪರಕಾರ ನೋಡಿದ. ಕೈ ಮುಗಿದು, “ಆಕಿ ಇನ್ನ ಬರೂದಿಲ್ಲರಿ, ಸಾಹೇಬ್ರ,” ಎಂದ. ಸಾಹೇಬರ ಮುಂದೆ ಅವನು ಇಲ್ಲವೆಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸಾಹೇಬನ ಮುಖ ಇನ್ನಷ್ಟು ಕೆಂಪಾಯಿತು. ಹುಡುಗಿ ಬರದಿದ್ದರೆ ನೀನೂ ಬರಬೇಡ ಎಂದುಬಿಟ್ಟ. ಅಪ್ಪ ನನ್ನ ರಟ್ಟೆ ಹಿಡಿದು ನಡೆದ.

ಸಾಮಾನು ಹೇರಿದ ಚಕ್ಕಡಿಯಲ್ಲಿ ಕೂತು ನಾನು ಒಂದೇ ಸಮನೆ ಅತ್ತೆ. ನಾನು ಖರೇ ಹೇಳಿದ್ದಕ್ಕೇ ಮನಿ ಹೋಯಿತು ಎಂದು ಅತ್ತೆ.

“ನೌಕರಿ ಸಲುವಾಗಿ ಸುಳ್ಳ ಹೇಳಂದಿದ್ದಿಲ್ಲ, ಗಂಗೀ,” ಎಂದ ಅಪ್ಪ. “ತಲಿ ನೆಟ್ಟಗಾತು ಅಂದ್ರ ಅಂವಾ ನಿನ್ನ ಬಿಡ್ತಾನಂತ ಹೇಳಂದಿದ್ದೆ. ಆ ಕೋಲು ನಿನ್ನ ಮುಂದ ಹೋದಾಗೊಮ್ಮೆ ನನ್ನ ಜೀವ ಹೋಗಿ ಬರ್ತಿತ್ತು.”

ಅಪ್ಪ ಮುಂದೆ ದುರ್ಗದಬೈಲಿನ ಅಂಗಡಿಗಳಿಗೆ ಮೂಟೆ ಹೊತ್ತ. ಮೈದಾನದ ಮೇಲೆ ಮನೆಗಳೆದ್ದವು. ಸಾಹೇಬರೂ ಹೋದರು, ಅವರ ಆಟವೂ ಹೋಯಿತು, ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಈಗ ಮಕ್ಕಳು, ಸೊಸೆಯಂದಿರು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹೊತ್ತು ಹೊತ್ತಿಗೆ ಗುಳಿಗೆ ಕೊಡುತ್ತಾರೆ, ಮೆಟ್ಟಿಲ ಹತ್ತಿರ ಹುಷಾರು ಎನ್ನುತ್ತಾರೆ, ಹೇಳಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅದು ತಪ್ಪೇನಲ್ಲ. ನನಗೆ ಹೆದರಿಕೆ ಈಗಲೂ ಆಗುತ್ತದೆ, ವಯಸ್ಸಿನ ಜೊತೆ ಹೆಚ್ಚೇ ಆಗಿದೆ. ಆದರೆ ನನಗಾಗಿ ನನಗಿಂತ ಹೆಚ್ಚು ಹೆದರುತ್ತಿದ್ದವನು ಈಗ ಇಲ್ಲ.